ಓವರ್‌ಕ್ಲಾಕ್ ಮಾಡಿದ ಮೇಲೆ ಪರದೆ ಕಪ್ಪಾಗಿದ್ದರೆ ಮೊದಲು ರ‍್ಯಾಮ್ ನೋಡಿ

ಪ್ರೊಸೆಸರ್ ಮತ್ತು ರ‍್ಯಾಮ್ ಎರಡನ್ನೂ ಓವರ್‌ಕ್ಲಾಕ್ ಮಾಡಿದ (ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಿದ) ಮೇಲೆ ಪರದೆ ಬರುತ್ತಿಲ್ಲ, ಮದರ್‌ಬೋರ್ಡ್ ಸತ್ತಿದೆಯೇ ಎಂದು ಕೇಳಿದ್ದೀರಿ. ನಿಮ್ಮ ಮದರ್‌ಬೋರ್ಡ್ ಸತ್ತಿಲ್ಲ. ನೀವು ಬರೆದಿರುವುದರಲ್ಲೇ ಅದಕ್ಕೆ ಸಾಕ್ಷಿ ಇದೆ. ಫ್ಯಾನ್‌ಗಳು ತಿರುಗುತ್ತವೆ, ಡಿರ‍್ಯಾಮ್ (ಅಂದರೆ ರ‍್ಯಾಮ್, ಯಂತ್ರದ ಮೆಮೊರಿ) ಎಂದು ಬೋರ್ಡಿನಲ್ಲಿ ಗುರುತು ಹಾಕಿರುವ ಸಣ್ಣ ದೀಪ ಉರಿಯುತ್ತಲೇ ಇರುತ್ತದೆ, ಯಂತ್ರ ತಾನಾಗಿಯೇ ಎರಡು ಮೂರು ಸಲ ಆಫ್ ಆಗಿ ಆನ್ ಆಗುತ್ತದೆ, ಅಪರೂಪಕ್ಕೊಮ್ಮೆ ವಿಂಡೋಸ್‌ವರೆಗೂ ತಲುಪುತ್ತದೆ. ಸತ್ತ ಬೋರ್ಡ್ ಇಷ್ಟೆಲ್ಲ ಮಾಡುವುದಿಲ್ಲ. ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ನೀವು ಕೇಳಿದ ವೇಗಕ್ಕೆ ರ‍್ಯಾಮ್‌ ಅನ್ನು ಹೊಂದಿಸಲು ನೋಡುತ್ತಿದೆ, ಆಗದೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದೆ. ಮೆಮೊರಿ ಟ್ರೈನಿಂಗ್ ಎನ್ನುವುದು ಇದನ್ನೇ. ಸೆಟ್ಟಿಂಗ್ ಬದಲಿಸಿದ ಮೇಲಿನ ಮೊದಲ ಬೂಟ್‌ನಲ್ಲಿ ಇದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಪರದೆ ಬರಲಿಲ್ಲ ಎಂದು ತಕ್ಷಣ ಪವರ್ ಬಟನ್ ಒತ್ತಬೇಡಿ, ಕೆಲವು ನಿಮಿಷ ಬಿಡಿ.

ತೊಂದರೆ ಶುರುವಾಗಿದ್ದು ಎರಡು ಕೆಲಸವನ್ನು ಒಟ್ಟಿಗೆ ಮಾಡಿದ್ದರಿಂದ. ಎಎಂಡಿಯ ರೈಜೆನ್ 5600ಎಕ್ಸ್ ಪ್ರೊಸೆಸರ್‌ಗೆ 47ರ ಮಲ್ಟಿಪ್ಲೈಯರ್ (ಅಂದರೆ 4.7 ಗಿಗಾಹರ್ಟ್ಸ್ ವೇಗ) ಕೊಟ್ಟಿರಿ, ಅದೇ ಕೈಯಲ್ಲಿ 8 ಜಿಬಿಯ ನಾಲ್ಕು ರ‍್ಯಾಮ್ ಕಡ್ಡಿಗಳಿಗೆ 3600ರ ಎಕ್ಸ್‌ಎಂಪಿ ಪ್ರೊಫೈಲ್ (ತಯಾರಕರು ಕಡ್ಡಿಯಲ್ಲೇ ಬರೆದಿಟ್ಟಿರುವ ಹೆಚ್ಚಿನ ವೇಗದ ಸೆಟ್ಟಿಂಗ್) ಹಾಕಿದಿರಿ. ಇವೆರಡೂ ಕೈಕೊಡುವ ರೀತಿ ಬೇರೆ ಬೇರೆ. ಪ್ರೊಸೆಸರ್ ವೇಗ ತುಸು ಹೆಚ್ಚಾಗಿದ್ದರೆ ಸಾಮಾನ್ಯವಾಗಿ ಬಯಾಸ್ (ವಿಂಡೋಸ್‌ಗೆ ಮೊದಲು ಓಡುವ, ಬೋರ್ಡಿನ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ಬರುತ್ತದೆ, ವಿಂಡೋಸ್ ಕೂಡ ಬರುತ್ತದೆ. ಭಾರದ ಕೆಲಸ ಕೊಟ್ಟಾಗ ನೀಲಿ ಪರದೆ ಬೀಳುತ್ತದೆ ಅಥವಾ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಪರದೆಯ ಮೇಲೆ ಒಂದು ಅಕ್ಷರವೂ ಮೂಡುವ ಮೊದಲೇ ನಿಂತರೆ ಬಹುಪಾಲು ಅದು ಮೆಮೊರಿಯ ಕೆಲಸ. 52ರಂಥ ಮಲ್ಟಿಪ್ಲೈಯರ್ ಹಾಕಿದ್ದರೆ ಬೇರೆ ಮಾತು, 47 ಅಷ್ಟು ಅತಿರೇಕವಲ್ಲ.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಪ್ರೊಸೆಸರ್ ವೋಲ್ಟೇಜ್ ಏರಿಸಿ ನೋಡಿ ಎಂದು ಬರೆದಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗುತ್ತದೆ ಅದು. ದಯವಿಟ್ಟು ಮಾಡಬೇಡಿ, ಬಿಸಿ ಹೆಚ್ಚುತ್ತದೆಯೇ ಹೊರತು ಟ್ರೈನಿಂಗ್ ಸರಿಹೋಗುವುದಿಲ್ಲ.

ಬಯಾಸ್ ಸೆಟ್ಟಿಂಗ್ ಅಳಿಸಲು ಬೋರ್ಡಿನ ಬ್ಯಾಟರಿ ತೆಗೆದು ಹಾಕಿದರೂ ಬದಲಾಗಲಿಲ್ಲ ಎಂದಿರಿ. ಆಗ ಪವರ್ ಸಪ್ಲೈನ ಹಿಂದಿನ ಸ್ವಿಚ್ ಆನ್ ಇತ್ತೇ? ಇದ್ದರೆ ಬ್ಯಾಟರಿ ತೆಗೆದದ್ದು ವ್ಯರ್ಥವಾಗಿರಬಹುದು. ಯಂತ್ರ ಆಫ್ ಆಗಿದ್ದರೂ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ವಿದ್ಯುತ್ ಬೋರ್ಡ್‌ಗೆ ಹರಿಯುತ್ತಲೇ ಇರುತ್ತದೆ, ಹಳೆಯ ಸೆಟ್ಟಿಂಗ್ ಅಳಿಯದೆ ಉಳಿದುಬಿಡಬಹುದು. ಪವರ್ ಕೇಬಲ್ಲನ್ನೇ ಕಿತ್ತುಬಿಡಿ. ಕೇಸಿನ ಪವರ್ ಬಟನ್ ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಕೆಪಾಸಿಟರ್‌ಗಳಲ್ಲಿ ಉಳಿದದ್ದು ಹೋಗುತ್ತದೆ. ಆಮೇಲೆ ಕ್ಲಿಯರ್ ಸಿಮಾಸ್ ಎಂಬ, ಬಯಾಸ್ ಸೆಟ್ಟಿಂಗ್ ಅಳಿಸುವ ಎರಡು ಪಿನ್‌ಗಳನ್ನು ಜಂಪರ್‌ನಿಂದಲೋ ಸ್ಕ್ರೂಡ್ರೈವರ್ ತುದಿಯಿಂದಲೋ ಕೆಲವು ಸೆಕೆಂಡ್ ಸೇರಿಸಿ ಹಿಡಿಯಿರಿ. ಪಿನ್ ಎಲ್ಲಿದೆ ಎಂಬುದನ್ನು ಬೋರ್ಡಿನ ಕೈಪಿಡಿ ನೋಡಿಯೇ ತಿಳಿಯಬೇಕು, ಊಹಿಸಿ ಯಾವುದೋ ಎರಡು ಪಿನ್ ಸೇರಿಸಬೇಡಿ. ಅಳಿಸಿದ್ದು ಫಲಿಸಿದೆಯೇ ಎಂದು ತಿಳಿಯಲು ಬಯಾಸ್‌ನಲ್ಲಿ ರ‍್ಯಾಮ್ ವೇಗ ನೋಡಿ: 2133, 2400 ಅಥವಾ ಹೆಚ್ಚೆಂದರೆ 3200 ಇರಬೇಕು, 1.2 ವೋಲ್ಟ್‌ನಲ್ಲಿ. ಇನ್ನೂ 3600 ಎಂದೇ ಇದ್ದರೆ ಏನೂ ಅಳಿದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೊಟ್ಟಣದ ಮೇಲೆ 3600 ಎಂದು ಬರೆದಿರುವುದು ಆ ಪೊಟ್ಟಣದೊಳಗಿನ ಎರಡು ಕಡ್ಡಿಗಳ ಮಾತು. ನೀವು ಎರಡು ಪೊಟ್ಟಣ ಕೊಂಡು ನಾಲ್ಕನ್ನೂ ಕೂರಿಸಿದ್ದೀರಿ. ಮಾಡೆಲ್ ಸಂಖ್ಯೆ ಒಂದೇ ಆಗಿದ್ದರೂ ಒಳಗಿನ ಚಿಪ್ ಬೇರೆ ಕಂಪನಿಯದ್ದಾಗಿರಬಹುದು. ಅದಕ್ಕಿಂತ ದೊಡ್ಡ ವಿಷಯ, ನಾಲ್ಕು ಕಡ್ಡಿ ಎಂದರೆ ಕಂಟ್ರೋಲರ್ ಮೇಲೆ ದುಪ್ಪಟ್ಟು ಹೊರೆ. ಎಎಂಡಿಯೇ ಈ ಪ್ರೊಸೆಸರ್‌ಗೆ ಎರಡು ಕಡ್ಡಿ ಇದ್ದಾಗ 3200, ಸಿಂಗಲ್ ರ‍್ಯಾಂಕ್‌ನ (ಒಂದೇ ಗುಂಪು ಚಿಪ್ ಇರುವ) ನಾಲ್ಕು ಇದ್ದಾಗ 2933, ಡ್ಯುಯಲ್ ರ‍್ಯಾಂಕ್‌ನ (ಎರಡು ಗುಂಪು ಚಿಪ್ ಇರುವ) ನಾಲ್ಕು ಇದ್ದಾಗ 2667 ಎಂದು ಹೇಳುತ್ತದೆ. ಅದರ ಮೇಲಿನದ್ದೆಲ್ಲ ಓವರ್‌ಕ್ಲಾಕೇ, ಎಕ್ಸ್‌ಎಂಪಿ ಒಂದೇ ಒತ್ತಿನಲ್ಲಿ ಆನ್ ಆಗುತ್ತದೆ ಎಂದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಬಹಳ ಜನ ನಾಲ್ಕು ಕಡ್ಡಿಯಲ್ಲಿ 3600 ಓಡಿಸುತ್ತಾರೆ, ನಿಜ. ಓಡಲೇಬೇಕು ಎಂಬ ಖಾತರಿ ಇಲ್ಲ.

ಹೀಗಾಗಿ ಪ್ರೊಸೆಸರ್ ಸೆಟ್ಟಿಂಗ್ ಪೂರ್ತಿ ಆಟೋದಲ್ಲಿರಲಿ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಒಂದೇ ಪೊಟ್ಟಣದ ಜೋಡಿ ಹಾಕಿ, ಎಕ್ಸ್‌ಎಂಪಿ ಆನ್ ಮಾಡಿ. ಬಂದರೆ ಆ ಜೋಡಿ ಸರಿ. ತೆಗೆದು ಇನ್ನೊಂದು ಜೋಡಿಯನ್ನು ಅದೇ ಸ್ಲಾಟ್‌ಗಳಲ್ಲಿ ನೋಡಿ. ಎರಡೂ ಜೋಡಿ ಬೇರೆ ಬೇರೆಯಾಗಿ ಓಡಿ, ನಾಲ್ಕೂ ಸೇರಿದಾಗ ಮಾತ್ರ ನಿಂತರೆ ಯಾವ ಭಾಗವೂ ಕೆಟ್ಟಿಲ್ಲ ಎಂದರ್ಥ. ಆಗ ಎಕ್ಸ್‌ಎಂಪಿಯ ಟೈಮಿಂಗ್ (ರ‍್ಯಾಮ್ ಪ್ರತಿ ಹೆಜ್ಜೆಗೆ ಕಾಯುವ ಲೆಕ್ಕ) ಹಾಗೆಯೇ ಉಳಿಸಿಕೊಂಡು ವೇಗವನ್ನು ಮಾತ್ರ 3200ಕ್ಕೆ ಇಳಿಸಿ, ಎಫ್‌ಕ್ಲಾಕ್ (ಪ್ರೊಸೆಸರ್‌ನ ಒಳಭಾಗಗಳನ್ನು ಜೋಡಿಸುವ ಹಾದಿಯ ವೇಗ) 3200ರ ಅರ್ಧ, ಅಂದರೆ 1600 ಇಡಿ. ಕಮಾಂಡ್ ರೇಟ್ (ರ‍್ಯಾಮ್‌ಗೆ ಆದೇಶ ಕಳಿಸಲು ಕೊಡುವ ಸಮಯ) 2ಟಿ ಮಾಡಿ. ಇಷ್ಟಕ್ಕೂ ಒಪ್ಪದಿದ್ದರೆ ಎಸ್‌ಓಸಿ ವೋಲ್ಟೇಜ್ (ಪ್ರೊಸೆಸರ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗದ್ದು) 1.1 ವೋಲ್ಟ್ ಆಸುಪಾಸಿನಲ್ಲಿ ಕೈಯಾರೆ ಹಾಕಿ ನೋಡಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಕಾಗದದ ಮೇಲೆ ಬರೆದಿಡಿ. ಬಯಾಸ್ ಅಳಿಸಿದಾಗ ನೆನಪು ಕೈಕೊಡುತ್ತದೆ.

ಬೂಟ್ ಆಯಿತು ಎಂದು ಸೀದಾ ವಿಂಡೋಸ್‌ಗೆ ನುಗ್ಗಬೇಡಿ. ಅರೆಬರೆ ಸ್ಥಿರವಾದ ರ‍್ಯಾಮ್ ಎಸ್‌ಎಸ್‌ಡಿಯಲ್ಲಿನ ಕಡತಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ, ಅದು ಗೊತ್ತಾಗುವುದು ತಡವಾಗಿ. ಯುಎಸ್‌ಬಿಯಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ದೋಷ ಬಂದರೂ ಆ ಸೆಟ್ಟಿಂಗ್ ಬಿಟ್ಟುಬಿಡಿ. ರೀಸ್ಟಾರ್ಟ್ ಮಾಡಿ ನೋಡಿದರೆ ಸಾಲದು. ಪೂರ್ತಿ ಆಫ್ ಮಾಡಿ, ಕೇಬಲ್ ತೆಗೆದು, ತಣ್ಣಗಾದ ಮೇಲೆ ಆನ್ ಮಾಡಬೇಕು, ಏಕೆಂದರೆ ನಿಮ್ಮ ಯಂತ್ರ ಅಪರೂಪಕ್ಕೆ ಬೂಟ್ ಆಗುವುದು ಬಿಸಿಯಾಗಿದ್ದಾಗಲೇ ಇರಬಹುದು. ಬಯಾಸ್ ಹಳೆಯದಾಗಿದ್ದರೆ ಹೊಸದು ಹಾಕಿ, ಎಷ್ಟೋ ಸಲ ಮೆಮೊರಿ ಹೊಂದಾಣಿಕೆ ಅದರಿಂದಲೇ ಸುಧಾರಿಸುತ್ತದೆ. ಆದರೆ ಅಪ್‌ಡೇಟ್ ಮಾಡುವುದು ಎಲ್ಲ ಸೆಟ್ಟಿಂಗ್ ಡೀಫಾಲ್ಟ್‌ನಲ್ಲಿದ್ದಾಗ ಮಾತ್ರ.

ಮೆಮೊರಿ ನೆಲೆಯಾದ ಮೇಲೆ ಪ್ರೊಸೆಸರ್. 5600ಎಕ್ಸ್‌ಗೆ ಸ್ಥಿರ ಮಲ್ಟಿಪ್ಲೈಯರ್ ಹಾಕುವುದರಲ್ಲಿ ನನಗೆ ಹುರುಳು ಕಾಣುವುದಿಲ್ಲ. ಅದರ ಬೂಸ್ಟ್ (ತಾನಾಗಿಯೇ ಏರುವ ಗರಿಷ್ಠ ವೇಗ) ಹೇಗೂ 4.6 ಗಿಗಾಹರ್ಟ್ಸ್, ಅಲ್ಲಿಂದ 4.7ಕ್ಕೆ ಏರಿಸಿ ಬಿಸಿಯನ್ನು ಕೊಂಡುಕೊಳ್ಳುವುದೇಕೆ? ಪಿಬಿಓ (ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುವ ಮಿತಿಯನ್ನು ಸಡಿಲಿಸುವ ಸೆಟ್ಟಿಂಗ್) ಆನ್ ಮಾಡಿ, ವೋಲ್ಟೇಜ್ ತುಸು ಇಳಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 10ರಿಂದ ಶುರು ಮಾಡಿ. ಆ ಇಳಿತ ಅತಿಯಾದರೆ ಕೆಡುವುದು ಭಾರದ ಕೆಲಸದಲ್ಲಲ್ಲ, ಯಂತ್ರ ಸುಮ್ಮನೆ ಇದ್ದಾಗ ಅಥವಾ ಹಗುರ ಕೆಲಸದಲ್ಲಿ. ಬ್ರೌಸರ್ ತೆರೆದಿಟ್ಟುಕೊಂಡು ಕುಳಿತಿರುವಾಗ ನೀಲಿ ಪರದೆಯೂ ಇಲ್ಲದೆ ರೀಸ್ಟಾರ್ಟ್ ಆದರೆ, ಪರೀಕ್ಷೆ ದಾಟಿದ ರ‍್ಯಾಮ್‌ ಅನ್ನು ಮತ್ತೆ ಕೆದಕಬೇಡಿ, ಮೈನಸ್ 10ನ್ನು ಮೈನಸ್ 5ಕ್ಕೆ ತನ್ನಿ.