ಸಾಲ ಇತ್ಯರ್ಥ ಮಾಡಿಸುವವರ ಶುಲ್ಕಕ್ಕೆ ಮಿತಿ ಇದೆಯೇ?

ಪ್ರಶ್ನೆ: ಸಂತೆಕಟ್ಟೆಯಲ್ಲಿ ಕೇಟರಿಂಗ್ ನಡೆಸುವ ನನ್ನ ತಮ್ಮನಿಗೆ ಎರಡು ಕ್ರೆಡಿಟ್ ಕಾರ್ಡ್ ಹಾಗೂ ಒಂದು ವೈಯಕ್ತಿಕ ಸಾಲ ಸೇರಿ 4 ಲಕ್ಷ ರೂಪಾಯಿ ಬಾಕಿಯಿದೆ. ಬ್ಯಾಂಕಿನೊಂದಿಗೆ ಮಾತನಾಡಿ ಅದನ್ನು ಅರ್ಧಕ್ಕೆ ಇಳಿಸಿಕೊಡುವುದಾಗಿ ಫೋನಿನಲ್ಲಿ ಹೇಳಿದ ಸಂಸ್ಥೆಯೊಂದು ನೋಂದಣಿಗೆಂದು 12,000 ರೂಪಾಯಿ ಪಡೆದಿದೆ. ಈಗ ಒಟ್ಟು ಸಾಲದ ಶೇ 15ರಷ್ಟು ಶುಲ್ಕ ಕೇಳುತ್ತಿದೆ, ಕಂತು ಕಟ್ಟುವುದನ್ನು ನಿಲ್ಲಿಸಲೂ ಹೇಳುತ್ತಿದೆ. ಇದಕ್ಕೆ ಕಾನೂನಿನ ಮಿತಿ ಇಲ್ಲವೇ? ಕೊಟ್ಟ ಹಣ ಮರಳಿ ಸಿಗಬಹುದೇ?
– ಓದುಗರು, ಉಡುಪಿ

ಉತ್ತರ: ಇಂಥ ಸಂಸ್ಥೆಗಳು ಇಷ್ಟೇ ಶುಲ್ಕ ಪಡೆಯಬೇಕೆಂದು ನಿಗದಿಪಡಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಾದರೆ, ಫೋನ್ ಮೂಲಕ ಈ ಸೇವೆ ಮಾರುವವರು ಕನಿಷ್ಠ ಒಂದು ಸಾಲ ಇತ್ಯರ್ಥವಾಗಿ, ಆ ಒಪ್ಪಂದದಂತೆ ಸಾಲಗಾರ ಒಂದು ಪಾವತಿಯನ್ನಾದರೂ ಮಾಡುವವರೆಗೆ ಶುಲ್ಕ ಪಡೆಯುವಂತಿಲ್ಲವೆಂಬ ನಿಯಮ 2010ರಲ್ಲೇ ಬಂದಿದೆ. ನಮ್ಮಲ್ಲಿ ಆ ರಕ್ಷಣೆ ಇಲ್ಲದ ಕಾರಣ ಕರಾರುಪತ್ರವನ್ನು ನಾವೇ ಜಾಗ್ರತೆಯಿಂದ ಓದಬೇಕಾಗಿದೆ.

ಲೆಕ್ಕ ಹಾಕಿ ನೋಡಿ. ನಾಲ್ಕು ಲಕ್ಷಕ್ಕೆ ಶೇ 15 ಎಂದರೆ 60,000 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 70,800. ಈಗಾಗಲೇ ಕೊಟ್ಟದ್ದೂ ಸೇರಿ 82,800. ಬ್ಯಾಂಕ್ ನಿಜವಾಗಿಯೂ 2 ಲಕ್ಷ ಬಿಟ್ಟುಕೊಟ್ಟರೂ ಅದರಲ್ಲಿ ಇಷ್ಟು ಮೊತ್ತ ಸಂಸ್ಥೆಗೇ ಹೋಗುತ್ತದೆ. ಅದೇ ಶೇ 15ನ್ನು ಉಳಿತಾಯದ ಮೇಲೆ ಮಾತ್ರ ಲೆಕ್ಕಹಾಕಿದ್ದರೆ ತೆರಿಗೆ ಸೇರಿ 35,400 ಆಗುತ್ತಿತ್ತು. ಹಾಗಾಗಿ ಶೇಕಡಾವಾರು ಎಷ್ಟು ಎಂಬುದಕ್ಕಿಂತ ಅದು ಯಾವುದರ ಮೇಲೆ ಎಂಬುದನ್ನೇ ಮೊದಲು ಕೇಳಬೇಕು.

ಕಂತು ನಿಲ್ಲಿಸುವ ಸಲಹೆ ನನಗೆ ಹೆಚ್ಚು ಆತಂಕ ತಂದಿದೆ. ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಖಾತೆಯಲ್ಲಿ ಹಣವಿಲ್ಲದೆ ಕಂತಿನ ಆಟೋ ಡೆಬಿಟ್ ಬೌನ್ಸ್ ಆದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ನಿನಡಿ ಕ್ರಿಮಿನಲ್ ಪ್ರಕರಣವೂ ಆಗಬಹುದು. ಆಗ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದವರು ನಿಮ್ಮ ತಮ್ಮ, ಸಲಹೆ ಕೊಟ್ಟವರಲ್ಲ.

ಸಾಲ ಇತ್ಯರ್ಥಕ್ಕೆ ಮಧ್ಯವರ್ತಿ ಬೇಕೆಂದೇನೂ ಇಲ್ಲ. ರಾಜಿ ಇತ್ಯರ್ಥದ ಬಗ್ಗೆ ಆಡಳಿತ ಮಂಡಳಿ ಒಪ್ಪಿದ ನೀತಿಯೊಂದು ಪ್ರತಿ ಬ್ಯಾಂಕಿಗೂ ಇರಬೇಕೆಂದು ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ಸೂಚಿಸಿದೆ. ತಮ್ಮನೇ ಶಾಖೆಗೆ ಹೋಗಿ, ಆದಾಯ ಕುಸಿದದ್ದಕ್ಕೆ ದಾಖಲೆ ಇಟ್ಟು, ಮೊದಲು ಅವಧಿ ವಿಸ್ತರಣೆಯನ್ನೂ ಕಾರ್ಡ್ ಬಾಕಿಯನ್ನು ಕಂತುಗಳಾಗಿ ಪರಿವರ್ತಿಸುವುದನ್ನೂ ಲಿಖಿತವಾಗಿ ಕೇಳಲಿ. ರಾಜಿ ಕೊನೆಯ ದಾರಿಯಾಗಿರಲಿ, ಏಕೆಂದರೆ ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ ಎಂದು ದಾಖಲಾದರೆ ಮುಂದೆ ಗೃಹಸಾಲ ಸಿಗುವುದು ಕಷ್ಟ.

12,000 ರೂಪಾಯಿಯ ಬಗ್ಗೆ: ಇದುವರೆಗೆ ಯಾವ ಕೆಲಸ ಮಾಡಿದ್ದೀರಿ, ಬ್ಯಾಂಕಿಗೆ ಬರೆದ ಪತ್ರದ ಪ್ರತಿ ಎಲ್ಲಿದೆ ಎಂದು ಕೇಳಿ ಆ ಸಂಸ್ಥೆಗೆ ಲಿಖಿತ ನೋಟಿಸ್ ಕೊಡಿ. ಉತ್ತರ ಬಾರದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ‘ನೋಂದಣಿ ಶುಲ್ಕ ಮರಳಿಸಲಾಗದು’ ಎಂಬ ಸಾಲು ಕರಾರಿನಲ್ಲಿದ್ದರೂ ಹಿಂಜರಿಯಬೇಡಿ. ಮಾಡದ ಕೆಲಸಕ್ಕೆ ಹಣ ಇಟ್ಟುಕೊಳ್ಳುವುದು ಸೇವಾ ನ್ಯೂನತೆಯೆಂದು ವಾದಿಸಲು ಅವಕಾಶವಿದೆ. ಸಹಿ ಹಾಕಿದ ಖಾಲಿ ಚೆಕ್ಕನ್ನೇನಾದರೂ ಕೊಟ್ಟಿದ್ದರೆ ಅದನ್ನೂ ಇದೇ ನೋಟಿಸಿನಲ್ಲಿ ಮರಳಿ ಕೇಳಿ.