3 ಅಡಿ ವ್ಯಾಸದ ರಿಂಗ್ ಟ್ಯಾಂಕಿ ಎಷ್ಟು ಲೀಟರ್ ಹಿಡಿಯುತ್ತದೆ?

ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡಿಕೊಳ್ಳಲು ಸಿಮೆಂಟ್ ರಿಂಗುಗಳ ಟ್ಯಾಂಕಿ ಕಟ್ಟಿಸಿದ್ದೀರಿ. ಒಳಗಿನ ವ್ಯಾಸ 3 ಅಡಿ, ಎತ್ತರ 4 ಅಡಿ. ನಿಮ್ಮ ಲೆಕ್ಕಕ್ಕೆ 3,200 ಲೀಟರ್ ಬಂದಿದೆ, ಮೇಸ್ತ್ರಿ 800 ಲೀಟರ್ ಎಂದಿದ್ದಾರೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ಮೇಸ್ತ್ರಿಯ ಮಾತೇ ಸರಿ. ನಿಮ್ಮ ಉತ್ತರ ಅದರ ನಾಲ್ಕು ಪಟ್ಟು ಇರುವುದರಿಂದ ತಪ್ಪು ಎಲ್ಲಾಗಿದೆ ಎಂಬುದೂ ತಿಳಿಯುತ್ತದೆ: ತ್ರಿಜ್ಯ ಇರಬೇಕಾದ ಜಾಗದಲ್ಲಿ ವ್ಯಾಸವನ್ನಿಟ್ಟು ವರ್ಗ ಮಾಡಿದ್ದೀರಿ.

ಸಿಲಿಂಡರಿನ ಘನಫಲವೆಂದರೆ ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದಷ್ಟು. ವ್ಯಾಸ 3 ಅಡಿಯಾದರೆ ತ್ರಿಜ್ಯ 1.5 ಅಡಿ, ಅದರ ವರ್ಗ 2.25ನ್ನು ಪೈ, ಅಂದರೆ 3.1416ರಿಂದ ಗುಣಿಸಿದರೆ ಪಾದದ ವಿಸ್ತೀರ್ಣ 7.07 ಚದರ ಅಡಿ, ಅದನ್ನು 4 ಅಡಿಯಿಂದ ಗುಣಿಸಿದರೆ 28.27 ಘನ ಅಡಿ. ಒಂದು ಘನ ಅಡಿಗೆ 28.32 ಲೀಟರ್ ಆದ್ದರಿಂದ ಒಟ್ಟು 800 ಲೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಹೀಗಾಗಿ 3 ಅಡಿಯ ರಿಂಗಿನಲ್ಲಿ ಪ್ರತಿ ಅಡಿ ನೀರಿಗೆ 200 ಲೀಟರ್ ಎಂದು ನೆನಪಿಟ್ಟುಕೊಂಡರೆ ಸಾಕು. ಮೇಸ್ತ್ರಿ ಲೆಕ್ಕ ಹಾಕದೆ ಉತ್ತರ ಹೇಳಿದ್ದು ಬಹುಶಃ ಇದರಿಂದಲೇ.

ಪೈ ಬದಲು 3 ಎಂದೇ ಹಿಡಿದರೆ ಸುಮಾರು 765 ಲೀಟರ್ ಬರುತ್ತದೆ. ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಗಣಿತಜ್ಞ ಮಹಾವೀರಾಚಾರ್ಯ ಸ್ಥೂಲ ಲೆಕ್ಕಕ್ಕೆ 3ನ್ನೂ ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲವನ್ನೂ ಬಳಸಿದ್ದಾನೆ. ಅವನ ಸೂಕ್ಷ್ಮ ಲೆಕ್ಕದಲ್ಲಿ ನಿಮ್ಮ ಟ್ಯಾಂಕಿಗೆ 806 ಲೀಟರ್ ಬರುತ್ತದೆ. ಸಾವಿರ ವರ್ಷಕ್ಕೂ ಹಿಂದಿನ ಆ ಲೆಕ್ಕ ಇಷ್ಟು ಹತ್ತಿರ ಬರುವುದು ನನಗೆ ಇಂದಿಗೂ ಬೆರಗು.

ಆದರೆ ಸೂತ್ರಕ್ಕಿಂತ ಅಳತೆಯಲ್ಲೇ ಹೆಚ್ಚು ಜನ ಎಡವುತ್ತಾರೆ. ರಿಂಗಿನ ದಪ್ಪ 2 ಇಂಚು ಇದ್ದು ನೀವು ಹೊರಗಿನಿಂದ ಅಳೆದರೆ ವ್ಯಾಸ 40 ಇಂಚು ಬರುತ್ತದೆ. ಕೇವಲ 4 ಇಂಚಿನ ಈ ವ್ಯತ್ಯಾಸ ವರ್ಗವಾಗುವಾಗ ಬೆಳೆದು ಲೀಟರಿನ ಲೆಕ್ಕವನ್ನು ಶೇಕಡಾ 23ರಷ್ಟು ಹಿಗ್ಗಿಸುತ್ತದೆ. ಒಳಗಡೆ ಟೇಪು ಜೋತುಬೀಳುವುದರಿಂದ ನಾನು ನೆಟ್ಟಗಿನ ಅಡಿಕೆ ದಬ್ಬೆಯೊಂದನ್ನು ಟ್ಯಾಂಕಿಯ ಬಾಯಿಗೆ ಅಡ್ಡವಾಗಿಟ್ಟು, ಒಂದು ತುದಿಯನ್ನು ಒಳಗೋಡೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಎದುರು ಗೋಡೆಯುದ್ದಕ್ಕೂ ಅತ್ತಿತ್ತ ಸರಿಸುತ್ತೇನೆ. ಅಲ್ಲಿ ಸಿಗುವ ಅತಿ ಹೆಚ್ಚಿನ ಅಂತರವೇ ವ್ಯಾಸ. ಕೆಲವು ರಿಂಗುಗಳು ತುಸು ಮೊಟ್ಟೆಯಾಕಾರಕ್ಕೆ ತಿರುಗಿರುತ್ತವೆ, ಆದ್ದರಿಂದ ಅದಕ್ಕೆ ಅಡ್ಡಲಾಗಿಯೂ ಅಳೆದು ಎರಡರ ಸರಾಸರಿ ತೆಗೆದುಕೊಳ್ಳುವುದು ಒಳ್ಳೆಯದು. ಎತ್ತರವನ್ನು ಒಳಗಿನ ನೆಲದಿಂದಲೇ ಅಳೆಯಿರಿ. ತಳಕ್ಕೆ 3 ಇಂಚು ಕಾಂಕ್ರೀಟ್ ಹಾಕಿದ್ದರೆ ಅಲ್ಲಿಗೇ 50 ಲೀಟರ್ ಕಡಿಮೆಯಾಯಿತು.

ನಿಮಗೆ ಬೇಕಾಗಿರುವುದು ಟ್ಯಾಂಕಿಯ ಎತ್ತರವಲ್ಲ, ದ್ರಾವಣ ನಿಲ್ಲುವ ಎತ್ತರ. ಕಲಕಲು ಮೇಲೆ ಅರ್ಧ ಅಡಿ ಬಿಟ್ಟರೆ 3.5 ಅಡಿಗೆ 700 ಲೀಟರ್. ಶೇಕಡಾ 1ರ ಬೋರ್ಡೋಗೆ 100 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ ಎಂಬ ಪ್ರಮಾಣದಲ್ಲಿ ನಿಮಗೆ ತಲಾ 7 ಕೆಜಿ ಸಾಕು. 3,200 ಲೀಟರ್ ಎಂದು ನಂಬಿ ತಲಾ 32 ಕೆಜಿ ಸುರಿದಿದ್ದರೆ ತುಂಬಿದ ಟ್ಯಾಂಕಿಯಲ್ಲೂ ಶೇಕಡಾ 4ರ ದ್ರಾವಣವಾಗುತ್ತಿತ್ತು. ಕೊಳೆರೋಗಕ್ಕೆ ಔಷಧಿ ಹೊಡೆಯುವ ಮುನ್ನ ನೀವು ಅನುಮಾನಪಟ್ಟು ಕೇಳಿದ್ದು ನಿಜಕ್ಕೂ ಒಳ್ಳೆಯದಾಯಿತು.

ಖಾತ್ರಿ ಬೇಕಿದ್ದರೆ ತಳ ಮುಚ್ಚುವಷ್ಟು ನೀರು ಬಿಟ್ಟು ಅದರ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆಯಿರಿ, ಆಮೇಲೆ 20 ಲೀಟರಿನ ಕ್ಯಾನಿನಿಂದ ಹತ್ತು ಸಲ ಸುರಿಯಿರಿ. ನೀರು ಗೆರೆಯಿಂದ ಒಂದು ಅಡಿ ಮೇಲೇರಿದರೆ ನಿಮ್ಮ ಅಳತೆ ಸರಿಯಿದೆ. ಅಲ್ಲೊಂದು ಗೆರೆ ಎಳೆದು, ಅದೇ ಅಂತರದಲ್ಲಿ ಮೇಲಕ್ಕೂ ಪೇಂಟಿನಿಂದ ಗುರುತು ಹಾಕಿಕೊಳ್ಳಿ.