ಓದುಗರ ಪ್ರಶ್ನೆ: ಶೆಡ್‌ಗೆ ಕರೆಂಟ್ ಎಳೆಯೋ ಮುಂಚೆ

ಪ್ರಶ್ನೆ: ಸಾರ್, ಮನೆಯಿಂದ 25 ಮೀಟರ್ ದೂರದಲ್ಲಿ ಶೆಡ್ ಇದೆ, ಅಲ್ಲಿ ಮರಗೆಲಸ ಮಾಡ್ಕೊಳ್ತೀನಿ. 2 ಎಚ್‌ಪಿ ಟೇಬಲ್ ಸಾ, 1 ಎಚ್‌ಪಿ ಧೂಳು ಎಳೆಯೋ ಮಷೀನು, ಡ್ರಿಲ್, ಗ್ರೈಂಡರ್, ಎಲ್ಲಾ 230 ವೋಲ್ಟ್ ಸಿಂಗಲ್ ಫೇಸ್. ಸದ್ಯಕ್ಕೆ ಅಡುಗೆಮನೆ ಸಾಕೆಟ್‌ನಿಂದ ಎಕ್ಸ್‌ಟೆನ್ಶನ್ ವೈರ್ ಎಳ್ಕೊಂಡಿದೀನಿ. ಸಾ ಆನ್ ಮಾಡಿದ ತಕ್ಷಣ ಲೈಟ್ ಮಂಕಾಗುತ್ತೆ, ಕೆಲವು ಸಲ 16 ಆಂಪ್ ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ತಾನೇ ಬಿದ್ದು ಲೈನ್ ಕಟ್ ಮಾಡೋ ಸ್ವಿಚ್) ಟ್ರಿಪ್ ಆಗುತ್ತೆ. 32ರದ್ದು ಹಾಕ್ಸು ಸರಿಹೋಗುತ್ತೆ ಅಂತಾನೆ ಗೆಳೆಯ. ಹಾಕಿಸ್ಲಾ?

ಉತ್ತರ: ದಯವಿಟ್ಟು ಬೇಡ. ಎಂಸಿಬಿ ಕಾಯೋದು ಗೋಡೆಯೊಳಗಿರೋ ವೈರನ್ನ. 16 ಆಂಪ್‌ಗೆ ಅಂತ ಹಾಕಿರೋ ವೈರ್ ಮೇಲೆ 32ರದ್ದು ಕೂರಿಸಿದ್ರೆ, 28 ಆಂಪ್ ಹರೀತಾ ಇದ್ರೂ ಅದು ಬೀಳಲ್ಲ, ವೈರ್ ಮಾತ್ರ ಒಳಗೊಳಗೇ ಕಾದು ಇನ್ಸುಲೇಶನ್ ಮೆತ್ತಗಾಗ್ತಾ ಹೋಗುತ್ತೆ, ಬೆಂಕಿ ಹತ್ತೋವರೆಗೂ ಯಾರಿಗೂ ಗೊತ್ತಾಗಲ್ಲ.

ಮೊದಲು ಒಂದು ಹಾಳೆ ತಗೊಂಡು ಯಾವ್ಯಾವ ಮಷೀನು ಒಟ್ಟಿಗೇ ಓಡುತ್ತೆ ಅಂತ ಬರ್ಕೊಳ್ಳಿ. ಒಬ್ಬರೇ ಕೆಲಸ ಮಾಡೋದಾದ್ರೆ ಸಾ ಓಡೋವಾಗ ಡ್ರಿಲ್ ಓಡಲ್ಲ, ಆದ್ರೆ ಧೂಳಿನ ಮಷೀನು ಓಡ್ಲೇಬೇಕು. ಮೋಟರ್ ಮೇಲಿನ ನೇಮ್‌ಪ್ಲೇಟ್‌ನಲ್ಲಿ ಆಂಪ್ಸ್ ಬರೆದಿರುತ್ತೆ, ಅದನ್ನೇ ನಂಬಿ. 1 ಎಚ್‌ಪಿ ಅಂದ್ರೆ 746 ವ್ಯಾಟ್ ನಿಜ, ಆದ್ರೆ ಅದು ಮೋಟರ್ ಹೊರಗೆ ಕೊಡೋ ಶಕ್ತಿ, ಒಳಗೆ ತಗೊಳ್ಳೋದು ಅದಕ್ಕಿಂತ ಜಾಸ್ತಿ. 2 ಎಚ್‌ಪಿ ಸಾ ಹೆಚ್ಚುಕಮ್ಮಿ 10-11 ಆಂಪ್, ಧೂಳಿನದ್ದು 5-6, ಲೈಟ್ ಎಲ್ಲಾ ಸೇರಿ 17-18 ಅಂತ ಇಟ್ಕೊಳ್ಳಿ. ಅಡುಗೆಮನೆ ಸಾಕೆಟ್‌ಗೆ ಇದು ಆಗೋ ಕೆಲಸ ಅಲ್ಲ.

ಇನ್ನು ಸಾ ಆನ್ ಮಾಡಿದ ತಕ್ಷಣ ಎಂಸಿಬಿ ಬೀಳೋದರ ಕತೆ ಬೇರೆ. ಮೋಟರ್ ಶುರುವಾಗೋ ಆ ಒಂದು ಕ್ಷಣ ಮಾಮೂಲಿಗಿಂತ 5-6 ಪಟ್ಟು ಕರೆಂಟ್ ಎಳೆಯುತ್ತೆ, ಅಂದ್ರೆ 60 ಆಂಪ್ ಹತ್ರ. ಬಿ ಟೈಪ್ ಎಂಸಿಬಿ ತನ್ನ ರೇಟಿಂಗ್‌ನ 3ರಿಂದ 5 ಪಟ್ಟಿಗೇ ಥಟ್ಟನೆ ಬೀಳುತ್ತೆ, 16ರದ್ದಾದ್ರೆ 48ರಿಂದ 80 ಆಂಪ್ ಒಳಗೆ. ಸಿ ಟೈಪ್ 5 ಪಟ್ಟಿನವರೆಗೂ ತಡ್ಕೊಂಡು, 5ರಿಂದ 10 ಪಟ್ಟಿನೊಳಗೆ ಥಟ್ಟನೆ ಬೀಳುತ್ತೆ. ಹಾಗಾಗಿ ಬದಲಾಯಿಸ್ಬೇಕಾಗಿರೋದು ಟೈಪು, ಆಂಪ್ ಅಲ್ಲ. ಆದ್ರೆ ಸಿ ಟೈಪ್ ಹಾಕಿದ್ಮೇಲೆ ಶಾರ್ಟ್ ಆದಾಗ ಬೀಳೋಕೂ ಅಷ್ಟೇ ಜಾಸ್ತಿ ಕರೆಂಟ್ ಬೇಕು, ವೈರ್ ಉದ್ದ ಇದ್ದು ಸಣ್ಣದಿದ್ರೆ ಅಷ್ಟು ಕರೆಂಟ್ ಹರಿಯೋದೇ ಇಲ್ಲ, ಅದಕ್ಕೇ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ರ ಮೀಟರ್ ಹಾಕ್ಸಿ ಚೆಕ್ ಮಾಡಿಸ್ಲೇಬೇಕು.

ಲೈಟ್ ಮಂಕಾಗೋದಕ್ಕೆ ವೈರ್ ಉದ್ದ ಕಾರಣ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ 25 ಮೀಟರ್ ಹೋಗಿ ವಾಪಸ್ ಬರೋಕೆ ಸುಮಾರು 0.37 ಓಮ್, 60 ಆಂಪ್ ಎಳೆದಾಗ 22 ವೋಲ್ಟ್ ದಾರಿಯಲ್ಲೇ ಖರ್ಚು. 6 ಸ್ಕ್ವೇರ್ ಎಂಎಂ ಹಾಕಿದ್ರೆ ಅದು 9 ವೋಲ್ಟ್‌ಗೆ ಇಳಿಯುತ್ತೆ. ವೋಲ್ಟೇಜ್ ಕಮ್ಮಿ ಆದ್ರೆ ಮೋಟರ್ ಸ್ಪೀಡ್ ಹಿಡಿಯೋಕೆ ಒದ್ದಾಡಿ ಕಾಯುತ್ತೆ, ವೈಂಡಿಂಗ್ ಸುಟ್ಟು ಹೋಗೋದು ಹೀಗೇನೇ. ನಾನಾದ್ರೆ ಮನೆ ಮೇನ್ ಬೋರ್ಡ್‌ನಿಂದ ಬೇರೆ ಲೈನ್ ತೆಗ್ಸಿ, 25 ಆಂಪ್ ಎಂಸಿಬಿ ಹಾಕ್ಸಿ, 6 ಸ್ಕ್ವೇರ್ ಎಂಎಂ ಆರ್ಮರ್ಡ್ (ಲೋಹದ ಕವಚ ಇರೋ) ಕೇಬಲ್ಲನ್ನ ಗುದ್ದಲಿ ತಾಗದಷ್ಟು ಆಳದಲ್ಲಿ ಹೂಳಿಸ್ತೀನಿ. ಶೆಡ್‌ನಲ್ಲಿ ಒಂದು ಚಿಕ್ಕ ಡಿಬಿ (ಎಂಸಿಬಿಗಳನ್ನ ಕೂರಿಸೋ ಬೋರ್ಡ್) ಹಾಕ್ಸಿ, ಸಾಗೆ ಒಂದು ಲೈನು, ಧೂಳಿನ ಮಷೀನಿಗೆ ಒಂದು, ಸಾಕೆಟ್‌ಗಳಿಗೆ ಒಂದು, ಲೈಟ್‌ಗೆ ಪ್ರತ್ಯೇಕ. ಮನೆಗೆ ಮಂಜೂರಾಗಿರೋ ಲೋಡ್ ಇದನ್ನೆಲ್ಲಾ ತಡೆಯುತ್ತಾ ಅಂತ ಮೊದಲೇ ಕೇಳ್ಕೊಳ್ಳಿ.

ಲೈಟ್ ಪ್ರತ್ಯೇಕ ಯಾಕಂದ್ರೆ, ಸಾ ಟ್ರಿಪ್ ಆದಾಗ ಬ್ಲೇಡ್ ತಕ್ಷಣ ನಿಲ್ಲಲ್ಲ, ಇನ್ನೂ ಸ್ವಲ್ಪ ಹೊತ್ತು ತಿರುಗ್ತಾನೇ ಇರುತ್ತೆ, ಆಗ ಕತ್ತಲಾದ್ರೆ ನಿಮ್ ಕೈ ಎಲ್ಲಿದೆ ಅಂತ ನಿಮಗೇ ಕಾಣಲ್ಲ.

ಪ್ರಶ್ನೆ: ನಮ್ಮ ಶೆಡ್‌ನಲ್ಲಿ ಒಳ್ಳೆ ಎಂಸಿಬಿ ಇದೆ, ಕರೆಂಟ್ ಲೀಕ್ ಆದ್ರೆ ಕಟ್ ಮಾಡೋ ಆರ್‌ಸಿಸಿಬಿ ಬೇರೆ ಯಾಕೆ ಬೇಕು? ಎಲೆಕ್ಟ್ರಿಷಿಯನ್ ಸುಮ್ನೆ ಖರ್ಚು ಮಾಡಿಸ್ತಿದಾರೆ ಅನ್ಸುತ್ತೆ.

ಉತ್ತರ: ಅವರು ಸರಿಯಾಗೇ ಹೇಳಿದಾರೆ, ಮಾಡಿಸ್ಕೊಳ್ಳಿ. 30 ಮಿಲಿ ಆಂಪ್‌ಗಿಂತ ಮೇಲೆ ಕರೆಂಟ್ ಎದೆ ಮೂಲಕ ಹರಿದ್ರೆ ಜೀವಕ್ಕೇ ಅಪಾಯ. ನಿಮ್ಮ 16 ಆಂಪ್ ಎಂಸಿಬಿ ಅದಕ್ಕಿಂತ 500 ಪಟ್ಟಿಗೂ ಜಾಸ್ತಿ ಹರಿಯೋವರೆಗೆ ಸುಮ್ನಿರುತ್ತೆ, ಮನುಷ್ಯ ಕರೆಂಟ್ ಹೊಡೆಸ್ಕೊಂಡು ಬಿದ್ದಿದ್ರೂ ಅದಕ್ಕೆ ಗೊತ್ತಾಗಲ್ಲ. ಆರ್‌ಸಿಸಿಬಿ ನೋಡೋದು ಫೇಸ್‌ನಲ್ಲಿ ಹೋದಷ್ಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ, 30 ಮಿಲಿ ಆಂಪ್ ವ್ಯತ್ಯಾಸ ಕಂಡ್ರೆ ಕಟ್ ಮಾಡುತ್ತೆ. ಆದ್ರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಮುಟ್ಟಿದ್ರೆ ಅದಕ್ಕೂ ವ್ಯತ್ಯಾಸ ಕಾಣ್ಸಲ್ಲ. ಓವರ್‌ಲೋಡ್ ಆದ್ರೂ ಅದು ಬೀಳಲ್ಲ. ಅದಕ್ಕೇ ಎರಡೂ ಇರ್ಬೇಕು.

ತಿಂಗಳಿಗೊಂದ್ಸಲ ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ಬೀಳಲಿಲ್ಲ ಅಂದ್ರೆ ಬದಲಾಯಿಸಿ. ಆ ಬಟನ್ ಅರ್ಥಿಂಗ್ ಸರಿ ಇದೆಯಾ ಅಂತ ಹೇಳಲ್ಲ, ಅದಕ್ಕೆ ಬೇರೆ ಮೀಟರ್ ಬೇಕು. ಮತ್ತೆ ಸಾಕೆಟ್‌ನಲ್ಲಿ ನ್ಯೂಟ್ರಲ್ಲನ್ನೇ ಅರ್ಥ್ ಪಿನ್‌ಗೆ ಸೇರಿಸೋ ಕೆಟ್ಟ ಅಭ್ಯಾಸ ಕೆಲವರಿಗಿದೆ. ಆ ನ್ಯೂಟ್ರಲ್ ದಾರಿಯಲ್ಲಿ ಎಲ್ಲಾದ್ರೂ ಕಿತ್ತುಹೋದ್ರೆ ಮಷೀನಿನ ಲೋಹದ ಮೈ ಪೂರ್ತಿ 230 ವೋಲ್ಟ್‌ಗೆ ಬರುತ್ತೆ. ನಿಮ್ಮಲ್ಲಿ ಹಂಗೆ ಇದ್ರೆ ಇವತ್ತೇ ಮೇನ್ ಆಫ್ ಮಾಡಿ, ಸರಿ ಮಾಡಿಸಿ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗ ನಮ್ಮ ಲೇತ್ ತಾನೇ ಶುರುವಾಗುತ್ತೆ. ಇದಕ್ಕೆ ಏನ್ಮಾಡೋದು?

ಉತ್ತರ: ನನಗೂ ಹೀಗಾಗಿತ್ತು. ಕರೆಂಟ್ ಹೋಯ್ತು ಅಂತ ಸ್ವಿಚ್ ಆಫ್ ಮಾಡದೇನೇ ಬ್ಲೇಡ್ ಬಿಚ್ಚೋಕೆ ಸ್ಪ್ಯಾನರ್ ತರೋಕೆ ಹೋಗಿದ್ದೆ, ವಾಪಸ್ ಬರೋಷ್ಟರಲ್ಲಿ ಸಾ ತಿರುಗ್ತಿತ್ತು, ಸ್ಪ್ಯಾನರ್ ಬ್ಲೇಡ್ ಪಕ್ಕದಲ್ಲೇ ಇದ್ದಿದ್ರೆ ಇವತ್ತು ಈ ಬೆರಳುಗಳಲ್ಲಿ ಬರೀತಿರ್ಲಿಲ್ಲ. ನೋ-ವೋಲ್ಟ್ ಕಾಯಿಲ್ ಇರೋ ಸ್ಟಾರ್ಟರ್ ಹಾಕ್ಸಿ. ಕರೆಂಟ್ ಹೋದ ತಕ್ಷಣ ಕಾಯಿಲ್ ಬಿಟ್ಕೊಳ್ಳುತ್ತೆ, ವಾಪಸ್ ಬಂದ್ಮೇಲೆ ನೀವೇ ಹಸಿರು ಬಟನ್ ಒತ್ತೋವರೆಗೂ ಮೋಟರ್ ಶುರುವಾಗಲ್ಲ. ಮಷೀನಿನ ಆಂಪ್‌ಗೆ ಓವರ್‌ಲೋಡ್ ರಿಲೇ (ಮೋಟರ್ ಜಾಸ್ತಿ ಕರೆಂಟ್ ಎಳೆದ್ರೆ ನಿಲ್ಲಿಸೋ ಭಾಗ) ಸೆಟ್ ಮಾಡಿಸ್ಕೊಳ್ಳಿ, ಕೆಂಪು ಸ್ಟಾಪ್ ಬಟನ್ ಎರಡೂ ಕೈ ಕೆಲಸದಲ್ಲಿದ್ದಾಗ ಮೊಣಕಾಲಿಗೆ ಸಿಗೋ ಎತ್ತರದಲ್ಲಿರಲಿ.

ಲೇತ್ ಅಂದಿದ್ರಿಂದ ಇನ್ನೊಂದು ವಿಷ್ಯ. ಹಳೇ ಚೋಕ್ ಟ್ಯೂಬ್‌ಲೈಟ್ 50 ಹರ್ಟ್ಸ್ ಕರೆಂಟ್‌ನಲ್ಲಿ ಸೆಕೆಂಡಿಗೆ 100 ಸಲ ಮಿಟುಕುತ್ತೆ, ಚಕ್ (ಲೇತ್‌ನಲ್ಲಿ ಕೆಲಸದ ತುಂಡನ್ನ ಹಿಡಿದು ತಿರುಗೋ ಭಾಗ) ಸ್ಪೀಡು ಅದಕ್ಕೆ ಹೊಂದಿಕೊಂಡ್ರೆ ತಿರುಗ್ತಿರೋ ಚಕ್ ನಿಂತಂಗೆ ಕಾಣುತ್ತೆ. ಮಷೀನ್ ಮೇಲೆ ಮಿಟುಕದೇ ಇರೋ ಎಲ್‌ಇಡಿ ಹಾಕ್ಸಿ. ಏನೇ ಬಿಚ್ಚೋದಿದ್ರೂ ಪ್ಲಗ್ ಕಿತ್ತು, ಕಣ್ಣಿಗೆ ಕಾಣೋ ಹಾಗೆ ಬೆಂಚ್ ಮೇಲೆ ಇಟ್ಕೊಂಡೇ ಬಿಚ್ಚಿ.